ಮನೆಮಂದಿ ಜೊತೆ ಹೋಗೋಕೆ ಟೆಂಟ್ ಬೇಕು, ನಮ್ಮ ಮಳೆಗೆ ಯಾವುದು ತಡೆಯುತ್ತದೆ?

ಬಸವನಗುಡಿ_ಅಪ್ಪ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಮೂವರಿಗೂ ಸೇರಿ ಒಂದು ಟೆಂಟ್ ಕೊಳ್ಳಬೇಕು ಅಂತಿದ್ದೇವೆ. ಹೆಚ್ಚಾಗಿ ಹೋಗುವುದು ಕಾರಿನಲ್ಲಿ. ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇ ಅಂಗಳ, ವರ್ಷಕ್ಕೊಮ್ಮೆ ಗೋಕರ್ಣ. ಮಗಳು ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಕುಮಾರಪರ್ವತದ ತುದಿಯಲ್ಲಿ ಒಂದು ರಾತ್ರಿ ಮಲಗಬೇಕು ಅನ್ನುವ ಆಸೆಯೂ ಇದೆ.

ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಅಗ್ಗದ ಟೆಂಟ್ ತರಿಸಿದ್ದೆ. ಡಬ್ಬದ ಮೇಲೆ "ನಾಲ್ಕು ಜನಕ್ಕೆ, ವಾಟರ್‌ಪ್ರೂಫ್" ಅಂತ ಇತ್ತು. ಅಕ್ಟೋಬರ್‌ನಲ್ಲಿ ಮೂಡಿಗೆರೆ ಹತ್ತಿರ ಹಾಕಿದೆವು. ರಾತ್ರಿ ಎರಡು ಗಂಟೆಗೆ ಮಗಳು "ಅಪ್ಪಾ, ಕಾಲು ಒದ್ದೆ ಆಯ್ತು" ಅಂತ ಎಬ್ಬಿಸಿದಳು. ಟಾರ್ಚ್ ಬಿಟ್ಟು ನೋಡಿದರೆ ಮೂಲೆಯ ಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ಹನಿ ಸಾಲಾಗಿ ನಿಂತಿತ್ತು. ಒಂದೊಂದೇ ಹನಿ ದಪ್ಪ ಆಗಿ ಅವಳ ಹೊದಿಕೆ ಮೇಲೆ ಬೀಳುತ್ತಿತ್ತು. ಉಳಿದ ರಾತ್ರಿ ಮೂವರೂ ಕಾರಿನಲ್ಲಿ ಕೂತು ಕಳೆದೆವು. ಆಮೇಲೆ ಅವಳು ಟೆಂಟ್ ಅಂದರೆ ಸಾಕು, ಮುಖ ಸಣ್ಣ ಮಾಡುತ್ತಾಳೆ.

ಈ ಸಲ ಸರಿಯಾಗಿ ತಿಳಿದುಕೊಂಡೇ ಕೊಳ್ಳಬೇಕು. ಅಂಗಡಿಯಲ್ಲಿ 2000 ಮಿ.ಮೀ., 3000 ಮಿ.ಮೀ. ಅಂತೆಲ್ಲ ಹೇಳುತ್ತಾರೆ. ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಎಂಟು ಸಾವಿರದವರೆಗೆ ಹಾಕಬಲ್ಲೆ.

ಹೊಲಿಗೆ_ಮನೆ

ಸರ್, ನಾನು ಬ್ಯಾಗು, ಟೆಂಟು, ರೇನ್‌ಕೋಟ್ ರಿಪೇರಿ ಮಾಡುವವನು. ನೀವು ಹೇಳಿದ ಆ ಹನಿಯ ಸಾಲು ನನಗೆ ದಿನಾ ಕಾಣುವ ಕೇಸು. ಅದು ಬಟ್ಟೆಯ ತಪ್ಪಲ್ಲ, ಹೊಲಿಗೆಯದು.

ಮೊದಲು ಆ ನಂಬರ್ ವಿಷಯ. ಬಟ್ಟೆಯ ಮೇಲೆ ಒಂದು ಕೊಳವೆ ನೆಟ್ಟಗೆ ನಿಲ್ಲಿಸಿ ನೀರು ತುಂಬುತ್ತಾ ಹೋಗುತ್ತಾರೆ. ನೀರು ಎಷ್ಟು ಎತ್ತರಕ್ಕೆ ಬಂದಾಗ ಬಟ್ಟೆಯ ಕೆಳಗೆ ಜಿನುಗುತ್ತದೋ ಅದೇ ಆ ನಂಬರ್. 2000 ಮಿ.ಮೀ. ಅಂದರೆ ಎರಡು ಮೀಟರ್ ಎತ್ತರದ ನೀರಿನ ಒತ್ತಡ ತಡೆಯಿತು ಅಂತ ಅರ್ಥ. ಹೊರ ಹೊದಿಕೆಗೆ 1500ರಿಂದ 3000 ಇದ್ದರೆ ಮಳೆಗೆ ಸಾಕು. ಮೇಲಿಂದ ಬೀಳುವ ಹನಿಗೆ ಅಷ್ಟು ಒತ್ತಡ ಇರುವುದಿಲ್ಲ. ನೆಲದ ಬಟ್ಟೆಗೆ ಮಾತ್ರ ಜಾಸ್ತಿ ಬೇಕು, 3000 ಅಥವಾ ಅದಕ್ಕಿಂತ ಮೇಲೆ. ಯಾಕೆಂದರೆ ನೀವು ಒದ್ದೆ ನೆಲದ ಮೇಲೆ ಮೊಣಕಾಲು ಊರಿದಾಗ ಇಡೀ ಮೈಭಾರ ಆ ಅಂಗೈಯಷ್ಟು ಜಾಗದ ಮೇಲೆ ಬೀಳುತ್ತದೆ. ನೀರು ಅಲ್ಲಿಂದ ಒಳಗೆ ಬರುತ್ತದೆ.

ಆದರೆ ಈ ಪರೀಕ್ಷೆ ಮಾಡುವುದು ಬರೀ ಬಟ್ಟೆಗೆ. ಸೂಜಿ ಚುಚ್ಚಿದ ಜಾಗಕ್ಕಲ್ಲ. ಒಂದು ಟೆಂಟಿನಲ್ಲಿ ಸಾವಿರಾರು ಸೂಜಿ ತೂತು ಇರುತ್ತದೆ. ಅದಕ್ಕೇ ಹೊಲಿಗೆಯ ಒಳಬದಿಗೆ ಒಂದು ಪಾರದರ್ಶಕ ಪಟ್ಟಿ ಬಿಸಿ ಮಾಡಿ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಹೊರ ಹೊದಿಕೆಯ ಒಳಮೈ ಹೊರಗೆ ತಿರುಗಿಸಿ, ಬೆಳಕಿಗೆ ಹಿಡಿದು, ಆ ಪಟ್ಟಿಯ ಮೇಲೆ ಬೆರಳು ಆಡಿಸಿ ನೋಡಿ. ನುಣ್ಣಗೆ, ಗುಳ್ಳೆ ಇಲ್ಲದೆ, ಮೂಲೆಯವರೆಗೂ ಹೋಗಿರಬೇಕು. ಮೂರು ಹೊಲಿಗೆ ಸೇರುವ ಮೂಲೆ ತುಂಬಾ ಮುಖ್ಯ. ಅಗ್ಗದ ಮಾಲಿನಲ್ಲಿ ಪಟ್ಟಿ ಅರ್ಧಕ್ಕೆ ನಿಂತುಹೋಗುವುದೇ ಅಲ್ಲಿ.

ಹಳೇ ಟೆಂಟ್ ಎಸೆಯಬೇಡಿ. ಸೀಮ್ ಸೀಲರ್ ಅಂತ ಟ್ಯೂಬಿನಲ್ಲಿ ಗೋಂದು ಬರುತ್ತದೆ. ಹೊಲಿಗೆಗೆ ಹಚ್ಚಿ ಒಂದು ದಿನ ಒಣಗಲು ಬಿಡಿ. ಪಾಲಿಯುರೆಥೇನ್ ಲೇಪ ಇರುವ ಬಟ್ಟೆಗೆ ಒಂದು ಬಗೆ, ಸಿಲಿಕಾನ್ ಲೇಪ ಇರುವುದಕ್ಕೆ ಬೇರೆ ಬಗೆ. ಅದಲು ಬದಲಾದರೆ ಹಿಡಿಯುವುದಿಲ್ಲ, ಕೇಳಿ ತಗೊಳ್ಳಿ.

ಚಾರಣದ_ಚೀಲ

ಅಣ್ಣ, ಟೆಂಟ್ ಮಾತಿಗೆ ಮೊದಲು ಜಾಗದ ಮಾತು. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದ ಒಳಗಿದೆ. 1712 ಮೀಟರ್ ಎತ್ತರದ ಆ ತುದಿಯಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ. ಮೊದಲು ಹಾಕುತ್ತಿದ್ದವರು ಬಿಟ್ಟುಹೋದ ಪ್ಲಾಸ್ಟಿಕ್ಕು, ಬೆಂಕಿ ಹಾಕಿದ ಕರಿ ಗುರುತು ನಾನೇ ಕಣ್ಣಾರೆ ನೋಡಿದ್ದೇನೆ. ನಿಯಮ ಬಂದದ್ದು ಸರಿಯೇ ಅನ್ನಿಸಿತು. ಕುದುರೆಮುಖದಲ್ಲೂ ಅಷ್ಟೇ. ಬೆಳಿಗ್ಗೆ ಹತ್ತಿ, ಸಂಜೆಯೊಳಗೆ ಇಳಿದು, ಊರಿನ ಹೋಂಸ್ಟೇಯಲ್ಲಿ ಮಲಗುವುದು. ಅರಣ್ಯ ಇಲಾಖೆಯ ಚಾರಣಗಳಿಗೆಲ್ಲ ಈಗ ಅರಣ್ಯ ವಿಹಾರ ಜಾಲತಾಣದಲ್ಲಿ ಬುಕ್ ಮಾಡಬೇಕು.

ಹಾಗಾಗಿ ಬೆಟ್ಟದ ತುದಿಯ ಆಸೆಗೆ ಅಂತ ಹಗುರವಾದ ದುಬಾರಿ ಟೆಂಟ್ ಕೊಳ್ಳಬೇಡಿ. ನಿಮ್ಮದು ಕಾರು, ಅಂಗಳ, ಮಗು. ನಾಲ್ಕೈದು ಕೆ.ಜಿ. ತೂಕ ಆದರೂ ಚಿಂತೆ ಇಲ್ಲ. ಆ ದುಡ್ಡು ಜಾಗಕ್ಕೆ, ಗಟ್ಟಿತನಕ್ಕೆ ಹಾಕಿ. ಹಿಮಾಲಯಕ್ಕೆ ಹೋಗುವ ದಿನ ಬಂದರೆ ಚಾರಣ ಏರ್ಪಡಿಸುವವರೇ ಸಾಮಾನ್ಯವಾಗಿ ಟೆಂಟ್ ಕೊಡುತ್ತಾರೆ.

ಇನ್ನೊಂದು. "ಫೋರ್ ಸೀಸನ್" ಅಂತ ಬರೆದದ್ದನ್ನು ನೋಡಿ, ನಾಲ್ಕೂ ಕಾಲಕ್ಕೆ ಆಗುತ್ತದೆ ಅಂತ ಕೆಲವರು ತರುತ್ತಾರೆ. ಅದು ಹಿಮ ಬೀಳುವ ಜಾಗಕ್ಕೆ ಮಾಡಿದ್ದು. ಬಲೆ ಕಡಿಮೆ, ಬಟ್ಟೆ ಜಾಸ್ತಿ. ನಮ್ಮ ಕರಾವಳಿಯಲ್ಲಿ ಅದರೊಳಗೆ ಮಲಗಿದರೆ ಬೆವರಿನಲ್ಲೇ ಸ್ನಾನ. "ತ್ರೀ ಸೀಸನ್" ಸಾಕು.

ಬಸವನಗುಡಿ_ಅಪ್ಪ

ಕುಮಾರಪರ್ವತದ ವಿಷಯ ಗೊತ್ತಿರಲಿಲ್ಲ, ತಿಳಿಸಿದ್ದು ಒಳ್ಳೆಯದಾಯಿತು. ಹಾಗಾದರೆ ಮೂವರಿಗೆ ಮೂರು ಜನದ್ದು ಸಾಕಾ, ನಾಲ್ಕು ಜನದ್ದು ಬೇಕಾ?

ಬುಲೆಟ್_ಅಕ್ಕ

ಅಂಗಡಿಗೆ ಹೋಗುವ ಮೊದಲು ಮನೆಯ ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ನೋಡಿ. ಟೆಂಟ್ ಮಾಡುವವರು ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲ ಲೆಕ್ಕ ಹಿಡಿಯುತ್ತಾರೆ. ಮೂರು ಜನದ್ದು ಅಂದರೆ 180 ಸೆಂ.ಮೀ. ಅಗಲ, ಉದ್ದ 210ರ ಹತ್ತಿರ. ಆ ಚೌಕದೊಳಗೆ ಮೂವರೂ ಮಲಗಿ. ಬ್ಯಾಗು, ನೀರಿನ ಬಾಟಲಿ, ಮಗಳ ಬಟ್ಟೆ ಎಲ್ಲ ಇಡಿ. ಉತ್ತರ ನಿಮಗೇ ಸಿಗುತ್ತದೆ. ನನ್ನ ಅನುಭವದಲ್ಲಿ ಡಬ್ಬದ ಮೇಲಿನ ಸಂಖ್ಯೆಯಿಂದ ಒಂದು ಕಳೆಯಬೇಕು.

ನಾನು ಬೈಕಿನಲ್ಲಿ ಒಬ್ಬಳೇ ಓಡಾಡುವವಳು. ಎರಡು ಜನದ ಟೆಂಟ್ ಇಟ್ಟುಕೊಂಡಿದ್ದೇನೆ. ಒಂದು ಬದಿ ನಾನು, ಇನ್ನೊಂದು ಬದಿ ಹೆಲ್ಮೆಟ್, ಜಾಕೆಟ್, ಬೂಟು. ಬೂಟು ಹೊರಗೆ ಬಿಟ್ಟರೆ ಬೆಳಿಗ್ಗೆ ಇಂಬಳ ಒಳಗೆ ಕೂತಿರುತ್ತದೆ.

ಬಟನ್ ಒತ್ತಿದ ಹಾಗೆ ತಾನೇ ತೆರೆದುಕೊಳ್ಳುವ ಟೆಂಟ್ ಬೇಡ. ಸುತ್ತಿಟ್ಟರೆ ದೊಡ್ಡ ಹರಿವಾಣದ ಹಾಗೆ ಆಗುತ್ತದೆ, ಎಲ್ಲೂ ಕಟ್ಟೋಕಾಗಲ್ಲ.

ಕಾಫಿ_ಅಂಗಳ

ಬುಲೆಟ್ ಮೇಡಂ ಮಾತು ಬೈಕಿಗೆ ಸರಿ. ಆದರೆ ಕಾರಿನಲ್ಲಿ ಬರುವ ಸಂಸಾರಕ್ಕೆ ಆ ಟೆಂಟ್ ಕೆಟ್ಟದ್ದಲ್ಲ. ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ. ಭತ್ತದ ಕಣದಲ್ಲಿ ಟೆಂಟ್ ಹಾಕಲು ಜಾಗ ಕೊಡುತ್ತೇವೆ. ಸಂಜೆ ಐದಕ್ಕೆ ಹೊರಟವರು ಘಾಟಿಯಲ್ಲಿ ಸಿಕ್ಕಿಕೊಂಡು ರಾತ್ರಿ ಒಂಬತ್ತಕ್ಕೆ ಬರುತ್ತಾರೆ. ಮಳೆ, ಕತ್ತಲೆ, ಹಸಿದ ಮಕ್ಕಳು. ಆ ಹೊತ್ತಿನಲ್ಲಿ ಎರಡು ನಿಮಿಷಕ್ಕೆ ನಿಲ್ಲುವ ಟೆಂಟ್ ನೋಡಿದರೆ ನನಗೇ ನೆಮ್ಮದಿ. ಒಂದೇ ಕಷ್ಟ, ಮಡಚುವುದು. ಬೆಳಿಗ್ಗೆ ಮೂರು ಮೂರು ಜನ ಸೇರಿ ಮಡಚುವುದನ್ನು ನೋಡಿದ್ದೇನೆ. ಮನೆಯಲ್ಲೇ ಐದಾರು ಸಲ ಅಭ್ಯಾಸ ಮಾಡಿಕೊಂಡು ಬನ್ನಿ.

ನಾನು ಹತ್ತಾರು ಟೆಂಟ್ ನೋಡಿ ತಿಳಿದ ಮಾತು ಒಂದು ಹೇಳುತ್ತೇನೆ. ಹೆಚ್ಚಿನವರು ಒದ್ದೆಯಾಗುವುದು ಟೆಂಟ್ ಕೆಟ್ಟದ್ದು ಅಂತ ಅಲ್ಲ, ಕೆಳಗೆ ಹಾಸುವ ತಾಡಪಾಲಿನಿಂದ. ದೊಡ್ಡ ನೀಲಿ ತಾಡಪಾಲು ಹಾಸಿ ಅದರ ಮೇಲೆ ಟೆಂಟ್ ನಿಲ್ಲಿಸುತ್ತಾರೆ. ಸುತ್ತ ಒಂದಡಿ ಹೊರಗೆ ಚಾಚಿರುತ್ತದೆ. ಟೆಂಟಿನ ಮೇಲಿಂದ ಇಳಿದ ನೀರೆಲ್ಲ ಆ ಚಾಚಿನ ಮೇಲೆ ಬಿದ್ದು, ನೇರ ಟೆಂಟಿನ ಅಡಿಗೆ ಹರಿಯುತ್ತದೆ. ನಡುವೆ ಕೆರೆ. ಅದರ ಮೇಲೆ ಮಲಗಿದರೆ ಯಾವ ನೆಲದ ಬಟ್ಟೆ ತಾನೇ ತಡೆಯುತ್ತದೆ? ತಾಡಪಾಲು ಟೆಂಟಿನ ನೆಲಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ದೊಡ್ಡದಿದ್ದರೆ ಒಳಕ್ಕೆ ಮಡಚಿ ಹಾಕಿ.

ಬಸವನಗುಡಿ_ಅಪ್ಪ

ಅಯ್ಯೋ, ನಾವೂ ಹಾಗೇ ಹಾಸಿದ್ದೆವು. ಬಣ್ಣ ಕೂಡ ನೀಲಿಯೇ.

ಚಾರಣದ_ಚೀಲ

ನನ್ನ ಕೇಳಿದರೆ ಕೆಳಗೆ ಹಾಸುವುದೇ ಬೇಡ. ಕಲ್ಲು, ಮುಳ್ಳು ಆರಿಸಿ ತೆಗೆದರೆ ಸಾಕು. ಸುಮ್ನೆ ಇನ್ನೊಂದು ಭಾರ.

ಹೊಲಿಗೆ_ಮನೆ

ಒಪ್ಪಲ್ಲ ಸರ್. ಕಾಫಿ ಗಿಡದ ರೆಂಬೆ ಸವರಿದ ಜಾಗದಲ್ಲಿ ಚೂಪು ಕುಳೆ ಇರುತ್ತದೆ, ಬಿದಿರಿನ ಮೆಳೆ ಹತ್ತಿರ ಮುಳ್ಳು ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನನ್ನ ಹತ್ತಿರ ಬರುವ ಟೆಂಟುಗಳಲ್ಲಿ ನೆಲದ ತೂತೇ ಜಾಸ್ತಿ. ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಅಳತೆಗೆ ಕತ್ತರಿಸಿಟ್ಟುಕೊಂಡರೆ ಖರ್ಚೂ ಇಲ್ಲ.

ಬುಲೆಟ್_ಅಕ್ಕ

ಗಾಳಿ ಆಡುವುದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ಮಟ್ಟಿಗೆ ನಮ್ಮ ಊರಿನ ಟೆಂಟಿಗೆ ಅದೇ ಮೊದಲು, ವಾಟರ್‌ಪ್ರೂಫ್ ಆಮೇಲೆ.

ಮೊದಲ ಸಲ ಟೆಂಟ್ ಹಾಕಿದ್ದು ಡಿಸೆಂಬರ್‌ನಲ್ಲಿ, ಚಿಕ್ಕಮಗಳೂರು ಕಡೆ ಒಂದು ಹಳ್ಳದ ಪಕ್ಕ. ಮಳೆಯ ಸುದ್ದಿಯೇ ಇಲ್ಲ, ಆಕಾಶದ ತುಂಬ ನಕ್ಷತ್ರ. ಚಳಿ ಅಂತ ಎಲ್ಲ ಜಿಪ್ಪೂ ಮುಚ್ಚಿ ಮಲಗಿದೆ. ಬೆಳಿಗ್ಗೆ ಎದ್ದರೆ ಟೆಂಟಿನ ಒಳಮೈ ಪೂರ್ತಿ ಬೆವೆತಿದೆ. ತಲೆ ತಾಗಿದರೆ ಕೂದಲು ಒದ್ದೆ. ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ತಣ್ಣಗೆ, ತೇವ. ಟೆಂಟ್ ಸೋರಿತು ಅಂತ ಅಂಗಡಿಯವರಿಗೆ ಫೋನ್ ಮಾಡಿ ಜಗಳ ಆಡುವುದರಲ್ಲಿದ್ದೆ. ಆಮೇಲೆ ಗೊತ್ತಾಯಿತು, ಅದು ನನ್ನದೇ ಉಸಿರು. ಬಿಸಿ ಉಸಿರಿನ ತೇವ ಮೇಲೆ ಹೋಗಿ ತಣ್ಣಗಿನ ಹೊದಿಕೆಗೆ ತಾಗಿ ನೀರಾಗುತ್ತದೆ. ಅನ್ನದ ಪಾತ್ರೆ ಮುಚ್ಚಳದ ಒಳಗೆ ನೀರು ಕಟ್ಟುತ್ತದಲ್ಲ, ಅದೇ.

ಸೋರಿದ್ದಾ, ಬೆವೆತದ್ದಾ ಅಂತ ಗುರುತಿಸುವುದು ಸುಲಭ. ಸೋರಿದರೆ ಹೊಲಿಗೆ ಹತ್ತಿರ, ಒಂದು ಜಾಗದಲ್ಲಿ ಒದ್ದೆ ಇರುತ್ತದೆ. ಬೆವೆತರೆ ಎಲ್ಲ ಕಡೆ ಒಂದೇ ಸಮ.

ಅದಕ್ಕೇ ಎರಡು ಪದರದ ಟೆಂಟ್ ತಗೊಳ್ಳಿ. ಒಳಗೆ ಬಲೆ, ಹೊರಗೆ ಮಳೆ ಹೊದಿಕೆ, ನಡುವೆ ಒಂದು ಗೇಣಿನಷ್ಟು ಸಂದು. ಆಗ ನೀರು ಹೊರ ಹೊದಿಕೆಗೆ ಕಟ್ಟಿ ಅಲ್ಲೇ ಇಳಿದು ಹೋಗುತ್ತದೆ, ನಿಮ್ಮ ಮೈಗೆ ಬರುವುದಿಲ್ಲ. ಆ ಸಂದು ಉಳಿಯಬೇಕಾದರೆ ಬದಿಯ ಹಗ್ಗಗಳನ್ನು ಎಳೆದು ಕಟ್ಟಲೇಬೇಕು. ಮೇಲೆ ಗಾಳಿಗಂಡಿ ಇದ್ದರೆ ಚಳಿಯಿದ್ದರೂ ತೆರೆದಿಡಿ. ಹಳ್ಳದ ಪಕ್ಕ, ತಗ್ಗಿನಲ್ಲಿ ಹಾಕಬೇಡಿ. ತಣ್ಣನೆ ಗಾಳಿ ತಗ್ಗಿಗೇ ಬಂದು ಕೂರುತ್ತದೆ. ಹತ್ತು ಹೆಜ್ಜೆ ಮೇಲೆ ಹೋದರೂ ವ್ಯತ್ಯಾಸ ಗೊತ್ತಾಗುತ್ತದೆ.

ಹೊಲಿಗೆ_ಮನೆ

ಮೇಡಂ ಹೇಳಿದ್ದು ಬಂಗಾರದಂಥ ಮಾತು. ನನ್ನ ಹತ್ತಿರ "ಸೋರುತ್ತದೆ" ಅಂತ ಬಂದ ಎಷ್ಟೋ ಟೆಂಟಿಗೆ ನೀರು ಹಾಕಿ ನೋಡಿದರೆ ಒಂದು ಹನಿಯೂ ಒಳಗೆ ಬರುವುದಿಲ್ಲ.

ಬಟ್ಟೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ರಾತ್ರಿ ಜೋತುಬಿದ್ದು ಒಳಪದರಕ್ಕೆ ಅಂಟುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೂ ಸ್ವಲ್ಪ ಜಾಸ್ತಿ ಬಾಳುತ್ತದೆ. ನಿಮ್ಮ ಬಜೆಟ್ಟಿನಲ್ಲಿ ಪಾಲಿಯೆಸ್ಟರೇ ಸಿಗುತ್ತದೆ, ಅದು ಒಳ್ಳೆಯದೇ ಆಯಿತು.

ಬಸವನಗುಡಿ_ಅಪ್ಪ

ಕೋಲುಗಳ ಬಗ್ಗೆ ಹೇಳಿ. ಫೈಬರ್ ಗ್ಲಾಸ್ ಬೇಡ, ಅಲ್ಯೂಮಿನಿಯಂ ತಗೋ ಅಂತ ಆಫೀಸಿನ ಗೆಳೆಯರೊಬ್ಬರು ಹೇಳಿದರು. ಬೆಲೆ ತುಂಬಾ ಮೇಲೆ ಹೋಗುತ್ತದೆ.

ಚಾರಣದ_ಚೀಲ

ಅಲ್ಯೂಮಿನಿಯಂ ಹಗುರ. ಗಾಳಿಗೆ ಬಾಗಿದರೂ ಪೂರ್ತಿ ಕೈಕೊಡುವುದಿಲ್ಲ. ಫೈಬರ್ ಗ್ಲಾಸ್ ಉದ್ದಕ್ಕೆ ಸೀಳುತ್ತದೆ. ಸೀಳಿದ ಕೋಲನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕಣ್ಣಿಗೆ ಕಾಣದ ಸಿಬಿರು ಅಂಗೈಗೆ ನಾಟಿ ಎರಡು ದಿನ ಉರಿಯುತ್ತದೆ. ನನಗಾಗಿದೆ. ಆದರೂ ನೀವು ಕಾರಿನವರು, ಅಂಗಳದಲ್ಲಿ ಹಾಕುವವರು, ಫೈಬರ್ ಗ್ಲಾಸ್ ಸಾಕು. ಒಡೆದ ಜಾಗಕ್ಕೆ ತೊಡಿಸಲು ಒಂದು ಗೇಣು ಉದ್ದದ ಲೋಹದ ಕೊಳವೆ ಸಿಗುತ್ತದೆ. ಅದನ್ನೂ ಸ್ವಲ್ಪ ಗಟ್ಟಿ ಟೇಪನ್ನೂ ಚೀಲದಲ್ಲಿಡಿ.

ಕೋಲನ್ನು ಬಟ್ಟೆಯ ಸುರಂಗದೊಳಗೆ ಯಾವಾಗಲೂ ತಳ್ಳಿ, ಎಳೆಯಬೇಡಿ. ಎಳೆದರೆ ಒಳಗಿನ ರಬ್ಬರ್ ದಾರ ಹಿಗ್ಗಿ ತುಂಡುಗಳು ಸುರಂಗದ ಮಧ್ಯೆಯೇ ಬಿಚ್ಚಿಕೊಳ್ಳುತ್ತವೆ. ಮಡಚುವಾಗ ತುದಿಯಿಂದಲ್ಲ, ನಡುವಿನಿಂದ ಶುರು ಮಾಡಿ. ದಾರದ ಬಿಗಿ ಎರಡೂ ಕಡೆ ಸಮ ಹಂಚಿಹೋಗುತ್ತದೆ, ಬಾಳಿಕೆ ಬರುತ್ತದೆ.

ಒಂದು ಕೈಮುಗಿದು ಕೇಳಿಕೊಳ್ಳುವ ಮಾತು. ಚಳಿ ಅಂತ ಟೆಂಟ್ ಒಳಗೆ ಸ್ಟವ್ ಹಚ್ಚಬೇಡಿ, ಕೆಂಡದ ಬಾಂಡ್ಲಿ ಇಡಬೇಡಿ. ಹೊಗೆ ಇಲ್ಲದಿದ್ದರೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮಗು ಜೊತೆಗಿದೆ ಅಂತ ಒತ್ತಿ ಹೇಳುತ್ತಿದ್ದೇನೆ.

ಕಡಲ_ತಡಿ

ಗೋಕರ್ಣದ ಬಗ್ಗೆ ನಾನು ಹೇಳಲೇಬೇಕು, ನಮ್ಮೂರು ಕುಮಟಾ.

ಟೆಂಟ್ ಜೊತೆ ಬರುವ ತೆಳ್ಳನೆ ತಂತಿಯ ಗೂಟ ಮರಳಿನಲ್ಲಿ ನಿಲ್ಲುವುದೇ ಇಲ್ಲ. ಹುಲ್ಲುಕಡ್ಡಿ ಕಿತ್ತ ಹಾಗೆ ಬರುತ್ತದೆ. ನಾಲ್ಕು ಬಟ್ಟೆ ಚೀಲ ತನ್ನಿ. ಮರಳು ತುಂಬಿ, ಬಾಯಿಗೆ ಟೆಂಟಿನ ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂತು ಮೇಲೆ ತುಳಿಯಿರಿ. ಎತ್ತು ಎಳೆದರೂ ಬರುವುದಿಲ್ಲ. ಕಡಲಿನ ಕಡೆ ಟೆಂಟಿನ ಅಗಲದ ಗೋಡೆ ಕೊಡಬೇಡಿ, ಕಿರಿದಾದ ಬದಿ ಕೊಡಿ. ಬಾಗಿಲು ಗಾಳಿಯ ಎದುರು ಬೇಡ.

ಸಂಜೆ ಬಂದು ನೀರು ದೂರ ಇದೆ ಅಂತ ಹತ್ತಿರ ಹಾಕಿಬಿಡುತ್ತಾರೆ. ಅದು ಇಳಿತದ ಹೊತ್ತು. ಚಿಪ್ಪು, ಕಸ, ಒಣಗಿದ ಕಡ್ಡಿ ಒಂದು ಗೆರೆಯಾಗಿ ಬಿದ್ದಿರುತ್ತದೆ ನೋಡಿ. ಭರತ ಬಂದಾಗ ನೀರು ಮುಟ್ಟುವುದು ಅಲ್ಲಿಗೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇನ್ನೂ ಮೇಲೆ ಬರುತ್ತದೆ. ಆ ಗೆರೆಗಿಂತ ತುಂಬಾ ಮೇಲೆ ಹಾಕಿ. ತೆಂಗಿನ ಮರದ ಬುಡ ಮಾತ್ರ ಬೇಡ, ಕಾಯಿ ಯಾವಾಗ ಬೀಳುತ್ತದೋ ಹೇಳಲಾಗದು. ಎಲ್ಲ ಬೀಚಿನಲ್ಲೂ ರಾತ್ರಿ ಇರಲು ಬಿಡುವುದಿಲ್ಲ. ಅಲ್ಲಿನ ಅಂಗಡಿಯವರನ್ನು ಕೇಳಿ, ಅವರ ಜಾಗದಲ್ಲೇ ಹಾಕುವುದು ಕ್ಷೇಮ.

ಜಿಪ್ಪಿಗೆ ಮರಳು ಸೇರಿದರೆ ಎಳೆದಾಡಬೇಡಿ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಲೋಹವನ್ನು ತಿನ್ನುತ್ತದೆ.

ಕಾಫಿ_ಅಂಗಳ

ನಮ್ಮ ಕಡೆಯ ಮಣ್ಣಿಗೂ ತಂತಿ ಗೂಟ ಆಗುವುದಿಲ್ಲ. ಮಳೆ ಬಿದ್ದ ಮೇಲೆ ಕೆಂಪುಮಣ್ಣು ಬೆಣ್ಣೆಯ ಹಾಗೆ. ಮೂರು ಏಣಿನ ದಪ್ಪ ಅಲ್ಯೂಮಿನಿಯಂ ಗೂಟ ಎಂಟು ಹತ್ತು ಬೇರೆ ಕೊಳ್ಳಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ಮಳೆಗಾಲದ ಗಾಳಿ ಬೀಸುವುದು ಪಡುವಣದಿಂದ, ಆ ಬದಿಯ ಗೂಟ ಮೊದಲು ಹೊಡೆಯಿರಿ. ಸಿಲ್ವರ್ ಓಕ್ ಮರದ ಕೆಳಗೆ ಹಾಕಬೇಡಿ, ಗಾಳಿಗೆ ಕೊಂಬೆ ಮುರಿಯುತ್ತದೆ. ಸಕಲೇಶಪುರದ ಕಡೆ ಹೋದರೆ ಆನೆ ಓಡಾಟ ಇದೆಯಾ ಅಂತ ಮನೆಯವರನ್ನು ಕೇಳದೆ ತೋಟದೊಳಗೆ ಟೆಂಟ್ ಹಾಕಲೇಬೇಡಿ.

ಬಸವನಗುಡಿ_ಅಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯಿತು, ಸುದ್ದಿ ಹೇಳುತ್ತೇನೆ.

ಟೆರೇಸ್ ಮೇಲೆ ಗೆರೆ ಹಾಕಿ ಮಲಗಿದೆವು. 180ರಲ್ಲಿ ನನ್ನ ಮೊಣಕೈ ಹೆಂಡತಿಯ ಮುಖಕ್ಕೆ ಬರುತ್ತಿತ್ತು. ನಾಲ್ಕು ಜನದ್ದೇ ತಗೊಂಡೆವು. ಎರಡು ಪದರ, ಪಾಲಿಯೆಸ್ಟರ್, ಹೊರಗೆ 2000, ನೆಲಕ್ಕೆ 3000, ಫೈಬರ್ ಗ್ಲಾಸ್ ಕೋಲು. ಮುಂದೆ ಚಪ್ಪಲಿ, ಬ್ಯಾಗು ಇಡಲು ಜಗುಲಿಯಂಥ ಜಾಗ ಇದೆ. ಉಳಿದ ದುಡ್ಡಿನಲ್ಲಿ ದಪ್ಪ ಗೂಟ, ಒಂದು ಟ್ಯೂಬ್ ಸೀಲರ್. ಅಂಗಡಿಯಲ್ಲಿ ಹೊದಿಕೆ ತಿರುಗಿಸಿ ಹೊಲಿಗೆಯ ಮೇಲೆ ಬೆರಳು ಆಡಿಸುತ್ತಿದ್ದರೆ ಆ ಹುಡುಗ ಬಂದು "ಸರ್, ನೀವು ಟೈಲರಾ?" ಅಂತ ಕೇಳಿದ.

ಮನೆಯಲ್ಲಿ ಹಾಕಿ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟೆ. ಒಳಗೆ ಮಗಳನ್ನು ಕೂರಿಸಿ, ಕೈಗೆ ಟಾರ್ಚ್ ಕೊಟ್ಟು, ಎಲ್ಲಿ ಹನಿ ಬಂದರೂ ಹೇಳು ಅಂದೆ. ಮೂಲೆ ಮೂಲೆ ನೋಡಿದಳು. ಹಿಂದಿನ ಎಡಮೂಲೆಯಲ್ಲಿ ಒಂದು ಹನಿ ಕಂಡುಹಿಡಿದಳು. ಅಲ್ಲಿಗೆ ಅವಳೇ ಸೀಲರ್ ಹಚ್ಚಿದಳು.

ಹೋದ ಶನಿವಾರ ಮೂಡಿಗೆರೆಗೇ ಹೋದೆವು. ರಾತ್ರಿ ಹನ್ನೊಂದಕ್ಕೆ ಮಳೆ ಶುರು, ಸುಮಾರು ಎರಡು ಗಂಟೆ ಹೊಡೆಯಿತು. ನನಗೆ ನಿದ್ದೆ ಬರಲಿಲ್ಲ, ಟಾರ್ಚ್ ಹಿಡಿದು ಹೊಲಿಗೆಗಳನ್ನೇ ನೋಡುತ್ತಿದ್ದೆ. ಅವಳು ಮಾತ್ರ ಒಂದು ಸಲ ಕಣ್ಣು ಬಿಟ್ಟು, ತಾನು ಸೀಲರ್ ಹಚ್ಚಿದ ಮೂಲೆಯನ್ನು ಕೈಯಿಂದ ಮುಟ್ಟಿ, "ಒಣಗಿದೆ" ಅಂದು ಮತ್ತೆ ಮಲಗಿದಳು.

ಬೆಳಿಗ್ಗೆ ಹೊರಡುವಾಗ ಟೆಂಟ್ ಒದ್ದೆಯಾಗಿಯೇ ಇತ್ತು. ಹಾಗೇ ಸುತ್ತಿ ತಂದೆ. ಈಗೇನು ಮಾಡಬೇಕು?

ಹೊಲಿಗೆ_ಮನೆ

ಓದಿ ತುಂಬಾ ಖುಷಿ ಆಯಿತು ಸರ್. ಇವತ್ತೇ ಬಿಚ್ಚಿ. ಒದ್ದೆ ಟೆಂಟ್ ಚೀಲದಲ್ಲಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಮತ್ತೆ ಮತ್ತೆ ಹಾಗೇ ಆದರೆ ಒಳಗಿನ ಪಾಲಿಯುರೆಥೇನ್ ಲೇಪ ಕರಗಿ ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ. ಆ ಮೇಲೆ ನನ್ನಂಥವರ ಕೈಯಲ್ಲೂ ಏನೂ ಆಗುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ನೆರಳಲ್ಲಿ ಹರವಿ. ಬಿಸಿಲಿನಲ್ಲಿ ದಿನಗಟ್ಟಲೆ ಬಿಡಬೇಡಿ, ನೂಲು ಸಾಯುತ್ತದೆ. ಹೊಲಿಗೆಯ ಮಡಿಕೆ, ಗೂಟದ ಕುಣಿಕೆ ಕೊನೆಗೆ ಒಣಗುವ ಜಾಗ, ಅಲ್ಲಿ ಮುಟ್ಟಿ ನೋಡಿ. ವಾಷಿಂಗ್ ಮೆಷಿನ್‌ಗೆ ಹಾಕಲೇಬೇಡಿ. ಇಡುವಾಗ ಅದರ ಸಣ್ಣ ಚೀಲಕ್ಕೆ ತುರುಕದೆ ಹಳೇ ದಿಂಬಿನ ಕವರಿನಲ್ಲಿ ಸಡಿಲವಾಗಿ ಇಡಿ.

ಬಸವನಗುಡಿ_ಅಪ್ಪ

ಬಾಲ್ಕನಿಯಲ್ಲಿ ಹರವಿದ್ದೇನೆ. ಡಿಸೆಂಬರ್ ರಜೆಗೆ ಗೋಕರ್ಣ ಅಂತ ಮಗಳೇ ಹೇಳುತ್ತಿದ್ದಾಳೆ. ಬಟ್ಟೆ ಚೀಲ ನಾಲ್ಕು ಸಾಕಾ ಸರ್?

ಕಡಲ_ತಡಿ

ಆರು ತನ್ನಿ. ಡಿಸೆಂಬರ್‌ನಲ್ಲಿ ರಾತ್ರಿ ಗಾಳಿ ನೆಲದ ಕಡೆಯಿಂದ ಬೀಸುತ್ತದೆ, ಹಿಂದಿನ ಬದಿಗೂ ಎರಡು ಬೇಕಾಗುತ್ತದೆ. ಚೀಲ ತರಲು ಮರೆತರೆ ಇಲ್ಲಿನ ಅಂಗಡಿಗಳಲ್ಲಿ ಖಾಲಿ ಅಕ್ಕಿ ಚೀಲ ಸಿಗುತ್ತದೆ, ಕೇಳಿದರೆ ಕೊಡುತ್ತಾರೆ.